ಕನ್ನಡಕರಾಯರ ಮಳೆಗಾಲದ ಟಯರುಗಳು

"ಈ ಮಳೆಗಾಲ ಮುಗಿಯೋದ್ರೊಳಗೆ ನಿನ್ನನ್ನ ಕೆಂಪು ಕಾರಲ್ಲಿ ಕೂರಿಸ್ಕೊಂಡು, ಸುರಿಯೋ ಮಳೇಲಿ ಊರಾಚೆ ತಿರುವಿನ ತನಕ ಹೋಗಿ ಬರ್ಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿ ಕರಿ!"

ಹೀಗೆಂದು ಕನ್ನಡಕರಾಯರು ಊಟದ ಮೇಜು ಗುದ್ದಿ ಭೀಷಣ ಪ್ರತಿಜ್ಞೆ ಮಾಡಿದರು. ಮೇಜಿನ ಮೇಲಿದ್ದ ನೀರಿನ ಲೋಟ ಗಾಬರಿಗೆ ಮಗುಚಿಕೊಂಡಿತು.

"ಮೊದಲು ಅದನ್ನ ಒರೆಸಿ" ಎಂದಳು ಮನೆಯಾಕೆ.

ಹೆಸರು ಬದಲಾದರೆ ಅವರಿಗೇನೂ ನಷ್ಟವಿರಲಿಲ್ಲ ಬಿಡಿ. ಕನ್ನಡಕರಾಯರು ಎಂಬುದೂ ಊರವರೇ ಅಂಟಿಸಿದ ಹೆಸರು. ಕನ್ನಡಕದ ಅಂಗಡಿ ಇಟ್ಟು, ಅರ್ಧ ಊರಿನ ಮೂಗಿನ ಮೇಲೆ ಕೂತವರು ಅವರು. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಕಣ್ಣಿಗೆ ಒಂದು ಗಾಜು ಹಾಕಿ "ಇದು ಚೆನ್ನಾಗಿದೆಯಾ?", ಅದನ್ನು ತೆಗೆದು ಇನ್ನೊಂದು ಹಾಕಿ "ಇದು ಚೆನ್ನಾಗಿದೆಯಾ?" ಎಂದು ಕೇಳುವುದು ಅವರ ಕಸುಬು. ಗಿರಾಕಿ ತಲೆ ಕೆರೆದುಕೊಂಡು "ಇನ್ನೊಂದ್ಸಲ ತೋರಿಸಿ" ಎಂದರೆ ರಾಯರು ಬೇಸರಿಸದೆ ಮತ್ತೆ ತೋರಿಸುತ್ತಿದ್ದರು. ಬದುಕಿನಲ್ಲಿ ಯಾವುದನ್ನೇ ಆರಿಸಬೇಕಾದರೂ ಅವರಿಗೆ ಗೊತ್ತಿದ್ದದ್ದು ಇದೊಂದೇ ದಾರಿ.

ಆ ಕಾರಿನ ಆಸೆ ಇಂದು ನಿನ್ನೆಯದಲ್ಲ. ಮದುವೆಗೆ ಮುಂಚಿನದು. ಆಗ ರಾಯರು ಇನ್ನೊಬ್ಬರ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ಬಡಕಲು ಹುಡುಗ. ಈಕೆ ಪಕ್ಕದ ಕಚೇರಿಯಲ್ಲಿ ಟೈಪಿಸ್ಟು. ಸಂಜೆ ಇಬ್ಬರೂ ಊರಾಚೆ ತಿರುವಿನ ಬಸ್ ನಿಲ್ದಾಣದವರೆಗೆ ನಡೆದು ಹೋಗುತ್ತಿದ್ದರು. ಹತ್ತಿರದ ನಿಲ್ದಾಣ ಬಿಟ್ಟು ಅಷ್ಟು ದೂರ ಯಾಕೆ ಹೋಗುತ್ತಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ಧೋ ಎಂದು ಮಳೆ. ಈಕೆ ತನ್ನ ನೀಲಿ ಶಾಲನ್ನು ತಲೆಗೆ ಹೊದ್ದು ನಿಂತಿದ್ದಾಗ ಕೆಂಪು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಕಾರೊಂದು ನೀರು ಸೀಳಿಕೊಂಡು ಸುಂಯ್ ಎಂದು ಹೋಯಿತು. ಈಕೆ ರಸ್ತೆಯ ಕಡೆ ನೋಡಿ, ಎದೆಯಾಳದಿಂದ ನಿಟ್ಟುಸಿರು ಬಿಟ್ಟು, "ಅಯ್ಯೋ..." ಎಂದಳು.

ಆ ಒಂದು "ಅಯ್ಯೋ" ರಾಯರ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಪಾಪ, ಹುಡುಗಿ ಎಷ್ಟು ಆಸೆಪಟ್ಟಳಲ್ಲ! ಮದುವೆಯಾಯಿತು, ಸ್ವಂತ ಅಂಗಡಿಯಾಯಿತು, ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ಮನೆ ಮಾಡಿಕೊಂಡರು. ಮಳೆ ಬಂದಾಗಲೆಲ್ಲ ರಾಯರಿಗೆ ಆ ನಿಟ್ಟುಸಿರು ಕೇಳಿಸುತ್ತಿತ್ತು. ಕೊನೆಗೂ ಈ ವರ್ಷ ಅಂಥದ್ದೇ ಒಂದು ಹಳೆಯ ಕಾರು ಸಿಕ್ಕಿ, ಮನೆ ಮುಂದೆ ಬಂದು ನಿಂತಿತು.

ಆದರೆ ಹಾಳಾದ್ದು, ಅದರ ಟಯರು! ಹಿಂದಿನ ಮಾಲೀಕ ಒಣ ಮೈದಾನದಲ್ಲಿ ಪಂದ್ಯ ಓಡಿಸುತ್ತಿದ್ದವನಂತೆ. ನಾಲ್ಕು ಟಯರೂ ಅಗಲವಾಗಿ, ರಾಯರ ನೆತ್ತಿಯಂತೆ ನುಣ್ಣಗಿದ್ದವು. ಒಣ ರಸ್ತೆಯಲ್ಲಿ ಇವು ಜಿಗಣೆಯಂತೆ ಹಿಡಿಯುತ್ತವೆ. ರಸ್ತೆಯಲ್ಲಿ ನೀರು ನಿಂತರೆ ಮಾತ್ರ ಕಾರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ ಎಂದು ಟಯರ್ ಅಂಗಡಿಯವನು ಹೇಳಿದ. ಮಳೆಗೆ ಬೇರೆ ಟಯರೇ ಬೇಕು, ನೀರು ಹೊರಗೆ ಹೋಗಲು ಆಳವಾದ ಗೀರುಗಳಿರಬೇಕು, ರಬ್ಬರು ಮೆತ್ತಗಿರಬೇಕು ಎಂದ.

"ಹಾಗಾದ್ರೆ ಹಾಕಿಸ್ಬಿಡಿ, ಅದಕ್ಕೇನು?" ಎಂದಳು ಮನೆಯಾಕೆ.

"ಹಾಕಿಸ್ಬಿಡಿ ಅಂತೆ! ಅದೇನು ಚಪ್ಪಲೀನಾ? ಎರಡೆರಡು ಪಕ್ಕದಲ್ಲಿಟ್ಟು ನೋಡ್ಬೇಕು ಕಣೇ. ನಿನ್ನ ಪ್ರಾಣದ ಪ್ರಶ್ನೆ!"

ಅಲ್ಲಿಗೆ ಟಯರುಗಳ ಮೆರವಣಿಗೆ ಶುರುವಾಯಿತು. ಪರೀಕ್ಷೆಗೆಂದು ರಾಯರು ಒಂದೊಂದು ಜಾತಿಯ ಒಂದೊಂದು ಟಯರನ್ನು ಮನೆಗೇ ಹೊತ್ತು ತಂದರು. ಒಂದು ಸೋಫಾದ ಮೇಲೆ ಕೂತಿತು. ಒಂದು ಟೀವಿಗೆ ಅಡ್ಡ ನಿಂತಿತು. ಇನ್ನೊಂದು ಅಡುಗೆಮನೆ ಬಾಗಿಲಿಗೆ ಒರಗಿ, ಬಂದು ಹೋಗುವವರ ಬಟ್ಟೆಗೆಲ್ಲ ಮಸಿ ಬಳಿಯಿತು. ಮನೆಯಿಡೀ ರಬ್ಬರ್ ವಾಸನೆ. ಅನ್ನಕ್ಕೂ ಅದೇ ವಾಸನೆ, ತಲೆದಿಂಬಿಗೂ ಅದೇ ವಾಸನೆ!

"ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ?" ಎಂದು ರಾಯರು ಗೀರುಗಳಲ್ಲಿ ಬೆರಳಾಡಿಸುತ್ತ ಕೇಳುವರು.

"ಯಾವುದಾದ್ರೂ ಆಗ್ಲಿ, ಹೋಗೋಣ ನಡೀರಿ. ಮಳೆ ಎಷ್ಟು ಚೆನ್ನಾಗಿ ಬರ್ತಿದೆ" ಎಂದು ಮನೆಯಾಕೆ ಕಪಾಟಿನಿಂದ ಆ ಹಳೆಯ ನೀಲಿ ಶಾಲು ತೆಗೆದು ಹೆಗಲಿಗೆ ಹಾಕಿಕೊಳ್ಳುವಳು.

"ಈ ಮಳೆಗೆ ಆ ಟಯರು ಸಾಲದು. ನಾಳೆ."

ಮನೆಯಾಕೆ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುವಳು. ಮಳೆ ನಿಂತ ಮೇಲೆ ಶಾಲನ್ನು ಮಡಿಸಿ ಒಳಗಿಡುವಳು. ಅವಳಿಗೂ ಒಂದು ಆಸೆಯಿತ್ತು. ಗಂಡ ಪಕ್ಕದಲ್ಲಿ ಕೂರಬೇಕು, ಹೊರಗೆ ಮಳೆ ಬರಬೇಕು, ಅಷ್ಟೇ. ಸೋಫಾದಲ್ಲೇ ಆಗಬಹುದಿತ್ತು, ಅಲ್ಲೀಗ ಟಯರು ಕೂತಿತ್ತು.

ಮೋಡ ಕಂಡಾಗಲೆಲ್ಲ ಶಾಲು ಹೊರಗೆ ಬಂತು, ಒಳಗೆ ಹೋಯಿತು. ರಾಯರು ಆರಿಸುತ್ತಲೇ ಇದ್ದರು.

ಒಂದು ಭಾನುವಾರ ಪರೀಕ್ಷೆ ಬಚ್ಚಲುಮನೆಗೆ ಏರಿತು. ನೆಲಕ್ಕೆ ಸೋಪಿನ ನೀರು ಸುರಿದು, ಟಯರು ಮಲಗಿಸಿ, ಅದರ ಮೇಲೆ ಭಾರಕ್ಕೆಂದು ಭಾವಮೈದನನ್ನು ಕೂರಿಸಿ, ಹಗ್ಗ ಕಟ್ಟಿ ಎಳೆಯುವುದು. ಯಾವುದು ಜಾರುವುದಿಲ್ಲವೋ ಅದೇ ಗೆದ್ದ ಟಯರು! ಭಾವಮೈದ, ಅಂದರೆ ಮನೆಯಾಕೆಯ ತಮ್ಮ, ಗುಂಡಗಿನ ಮನುಷ್ಯ. ಭಾವ ಮಾಡಿಕೊಟ್ಟ ದಪ್ಪ ಕನ್ನಡಕ ಹಾಕುತ್ತಿದ್ದ, ಹಾಕಿದಾಗಿನಿಂದ ದೂರುತ್ತಿದ್ದ.

"ಭಾವ, ಈ ಕನ್ನಡಕದಲ್ಲಿ ದೂರದ್ದು ಸರಿಯಾಗಿ ಕಾಣಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ನಿನ್ನ ಕಣ್ಣೇ ಸೋಮಾರಿ ಕಣೋ. ಕನ್ನಡಕ ಸರಿಯಾಗಿದೆ. ಗಟ್ಟಿಯಾಗಿ ಕೂತ್ಕೋ, ಎಳೀತೀನಿ!"

ರಾಯರು ದಮ್ಮು ಕಟ್ಟಿ ಎಳೆದರು. ಟಯರು ಕೂದಲೆಳೆಯಷ್ಟೂ ಕದಲಲಿಲ್ಲ. ಎಂಥ ಹಿಡಿತ! ಟಯರಿಗಿತ್ತು ಆ ಹಿಡಿತ, ಎಳೆಯುವವರ ಚಪ್ಪಲಿಗಿರಲಿಲ್ಲ. ಮರುಕ್ಷಣ ರಾಯರು ಅಂಗಾತ ಜಾರಿಕೊಂಡು ಬಂದು ಭಾವಮೈದನ ಕಾಲಿಗೆ ಬಡಿದರು, ಬಕೆಟ್ಟು ಅವರ ತಲೆ ಮೇಲೆ ಕಿರೀಟದಂತೆ ಕೂತಿತು. ಸದ್ದು ಕೇಳಿ ಓಡಿ ಬಂದ ಮನೆಯಾಕೆ ಬಾಗಿಲಲ್ಲೇ ನಿಂತಳು.

"ಯಾವುದು ಗೆದ್ದಿತು?" ಎಂದು ಕೇಳಿದಳು.

ಸೊಂಟದ ಉಳುಕು ವಾಸಿಯಾಗುವಷ್ಟರಲ್ಲಿ ಮಳೆ ಹಿಂದೆಗೆಯತೊಡಗಿತು. ಆಕಾಶ ಬೆಳ್ಳಗಾಯಿತು. ಇನ್ನೊಂದು ಮಳೆ ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ವರ್ಷವೇ ಸರಿ. ರಾಯರಿಗೆ ನಿದ್ದೆ ಹಾರಿಹೋಯಿತು. ಒಂದು ಟಯರು ನೀರನ್ನು ಚೆನ್ನಾಗಿ ತಳ್ಳುತ್ತದೆ, ಒಂದರ ರಬ್ಬರು ಬೆಣ್ಣೆಯಂತಿದೆ, ಒಂದು ತಿರುವಿನಲ್ಲಿ ಗಟ್ಟಿ, ಒಂದು ಬ್ರೇಕಿಗೆ ಗಟ್ಟಿ. ಯಾವುದನ್ನು ಬಿಡುವುದು? ಹೀಗೆ ಒದ್ದಾಡುತ್ತಿದ್ದಾಗ ಅವರಿಗೆ ಜ್ಞಾನೋದಯವಾಯಿತು. ಯಾವುದನ್ನೂ ಬಿಡಬಾರದು!

"ಬಲಗಣ್ಣಿಗೊಂದು ಪವರು, ಎಡಗಣ್ಣಿಗೊಂದು ಪವರು ಇರಲ್ವಾ? ಹಾಗೇ! ನಾಲ್ಕು ಚಕ್ರಕ್ಕೆ ನಾಲ್ಕು ಥರ ಟಯರು. ನಾಲ್ಕರ ಗುಣಾನೂ ಒಂದೇ ಕಾರಿಗೆ!"

"ಒಬ್ಬನೇ ಮನುಷ್ಯ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕ್ಕೊಂಡ ಹಾಗಾಗಲ್ವಾ ಭಾವ?" ಎಂದ ಭಾವಮೈದ.

"ನಿನಗೇನೋ ಗೊತ್ತು? ನಿನಗೆ ದೂರದ್ದೇ ಕಾಣಲ್ಲ!"

ಟಯರ್ ಅಂಗಡಿಯವನು ಒಮ್ಮೆ ರಾಯರ ಮುಖ ನೋಡಿದ, ಒಮ್ಮೆ ಕಾರು ನೋಡಿದ, "ನಿಮ್ಮ ಗಾಡಿ, ನಿಮ್ಮಿಷ್ಟ" ಎಂದು ಹಾಕಿಕೊಟ್ಟ.

ಮರುದಿನ ಮಧ್ಯಾಹ್ನ ಎಲ್ಲಿಂದಲೋ ಒಂದು ಕರಿಮೋಡ ಬಂದು ಊರಿನ ನೆತ್ತಿಯ ಮೇಲೆ ನಿಂತಿತು. ರಾಯರು ಅರ್ಧ ಪರೀಕ್ಷೆಯಾಗಿದ್ದ ಗಿರಾಕಿಯನ್ನು ಕತ್ತಲೆ ಕೋಣೆಯಲ್ಲೇ ಬಿಟ್ಟು ಮನೆಗೆ ಓಡಿದರು. ಮನೆಯಾಕೆ ಆಗಲೇ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು.

ಕಾರು ಹೊರಟಿತು. ಮಳೆಯೂ ಹಿಡಿಯಿತು. ಕಾರಿನ ಬಟ್ಟೆಯ ಮಾಡು ರಾಯರ ಎಡಗಿವಿಯೊಳಗೇ ಗುರಿಯಿಟ್ಟು ಸೋರುತ್ತಿತ್ತು. ಆದರೂ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು! ನೇರ ರಸ್ತೆಯಲ್ಲಿ ನಾಲ್ಕು ಟಯರೂ ಒಳ್ಳೆಯ ಮಕ್ಕಳ ಹಾಗೆ ಓಡಿದವು.

"ಹೇಗಿದೆ?" ಎಂದರು ರಾಯರು.

"ರಸ್ತೆ ನೋಡಿ" ಎಂದಳು ಮನೆಯಾಕೆ.

ತಿರುವು ಬಂತು. ರಾಯರು ಠೀವಿಯಿಂದ ಬ್ರೇಕು ಒತ್ತಿದರು. ಮುಂದಿನ ಬಲ ಟಯರು ಗಕ್ಕನೆ ನೆಲ ಹಿಡಿಯಿತು. ಮುಂದಿನ ಎಡದ್ದು ನೋಡೋಣ ಎಂದಿತು. ಹಿಂದಿನದೊಂದು ನೀರನ್ನು ತಳ್ಳಿತು, ಇನ್ನೊಂದು ತಾನೇ ತಳ್ಳಿಸಿಕೊಂಡಿತು. ನಾಲ್ಕು ಜನ ಮಂತ್ರಿಗಳು ನಾಲ್ಕು ಕಡೆ ಎಳೆದ ರಾಜ್ಯದಂತೆ ಕಾರು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಒಂದು ಪೂರ್ತಿ ಪ್ರದಕ್ಷಿಣೆ ಹಾಕಿತು. "ರೀ ರೀ ರೀ ರೀ!" ಎಂದು ಮನೆಯಾಕೆ ಅವರ ತೋಳು ಹಿಡಿದಳು. ರಾಯರ ಕನ್ನಡಕ ಹಾರಿ ಸೀಟಿನ ಕೆಳಗೆಲ್ಲೋ ಅಡಗಿತು. ಕಾರು ಹಿಮ್ಮುಖವಾಗಿ ಜಾರಿ, ರಸ್ತೆಬದಿಯ ಪೊದೆಯೊಳಗೆ ಮೂತಿಯವರೆಗೂ ನುಗ್ಗಿ, ಕೆಸರಿನಲ್ಲಿ ಹೂತು ನಿಂತಿತು.

"ಏಟಾಯ್ತೇನೇ?"

"ಇಲ್ಲ. ನಿಮಗೆ?"

"ಮಾನ ಒಂದು ಬಿಟ್ಟು ಎಲ್ಲಾ ನೆಟ್ಟಗಿದೆ."

ಎದುರಿಗೇ ಆ ಹಳೆಯ ಬಸ್ ನಿಲ್ದಾಣವಿತ್ತು. ಅದೇ ಬೆಂಚು, ಸೂರಿನ ಅಂಚಿನಿಂದ ಅದೇ ಧಾರೆ. ಇಬ್ಬರೂ ಓಡಿ ಹೋಗಿ ಕೂತರು. ರಾಯರು ಭಾವಮೈದನಿಗೆ ಫೋನು ಮಾಡಿದರು.

"ಭಾವ, ಯಾವ ಟಯರು ಕೈ ಕೊಡ್ತು?"

"ಯಾವುದೂ ಕೈ ಕೊಡ್ಲಿಲ್ಲ ಕಣೋ. ಎಲ್ಲಾ ಸರಿಯಾಗೇ ಕೆಲಸ ಮಾಡಿದ್ವು. ಒಂದೊಂದೂ ಅದರದರ ಪಾಡಿಗೆ! ಎಳೆಯೋ ಗಾಡಿ ತಗೊಂಡು ಬಾ."

ಮಳೆ ಸುರಿಯುತ್ತಿತ್ತು. ರಾಯರು ತಲೆ ತಗ್ಗಿಸಿ ಕೂತರು. ಇಷ್ಟು ವರ್ಷ ಕಾದು, ಇಷ್ಟು ಹುಡುಕಿ, ಕೊನೆಗೆ ಇದೇ ಬೆಂಚಿಗೇ ತಂದು ಕೂರಿಸಿದೆನಲ್ಲ ಎಂದು ಅವರಿಗೆ ಅಳುವೇ ಬಂತು.

"ಅವತ್ತು ಇಲ್ಲೇ ನಿಂತು ಆ ಕೆಂಪು ಕಾರು ನೋಡಿ ಅಯ್ಯೋ ಅಂದೆಯಲ್ಲ" ಎಂದರು. "ಒಂದೇ ಒಂದು ಸಲ ನಿನ್ನನ್ನ ಅಂಥದ್ರಲ್ಲಿ ಮಳೇಲಿ ಸುತ್ತಿಸ್ಬೇಕು ಅಂತ ಎಷ್ಟು ಆಸೆಯಿತ್ತು ಗೊತ್ತಾ?"

"ಸುತ್ತಿಸಿದ್ರಲ್ಲ, ನಿಂತಲ್ಲೇ!" ಎಂದು ಮನೆಯಾಕೆ ನಕ್ಕಳು. ಆಮೇಲೆ ಹುಬ್ಬುಗಂಟಿಕ್ಕಿದಳು. "ಯಾವ ಕಾರ್ರೀ?"

"ಅದೇ! ನೀರು ಸೀಳ್ಕೊಂಡು ಹೋಯ್ತಲ್ಲ. ನೀನು ನೋಡಿ ನಿಟ್ಟುಸಿರು ಬಿಟ್ಟೆಯಲ್ಲ!"

ಮನೆಯಾಕೆ ಅವರ ಕಡೆ ತಿರುಗಿ ಕೂತಳು.

"ಅಲ್ರೀ... ಆ ಕಾರಿನ ಹಿಂದೇನೇ ನನ್ನ ಬಸ್ಸು ಬರ್ತಿತ್ತು. ಇಷ್ಟು ಬೇಗ ಬಂದ್ಬಿಡ್ತಲ್ಲ, ಇವರನ್ನ ಬಿಟ್ಟು ಹೋಗ್ಬೇಕಲ್ಲ ಅಂತ ಅಯ್ಯೋ ಅಂದೆ. ನಿಮಗೆ ಕಾರು ಕಾಣ್ತಾ?"

ಊರಿಗೆಲ್ಲ ಕಣ್ಣು ಕೊಟ್ಟ ಮಹಾಪುರುಷರಿಗೆ ಅಷ್ಟು ದೊಡ್ಡ ಬಸ್ಸು ಕಂಡಿರಲಿಲ್ಲ! ಮನೆಯಾಕೆ ಹತ್ತಿರ ಸರಿದು ನೀಲಿ ಶಾಲಿನ ಅರ್ಧವನ್ನು ಅವರ ತಲೆಗೂ ಹೊದಿಸಿದಳು. ಶಾಲಿನಲ್ಲೂ ರಬ್ಬರ್ ವಾಸನೆಯಿತ್ತು.

"ಈಗ ಹೇಳಿ" ಎಂದಳು, ಅಂಗಡಿಯ ಅವರದೇ ದನಿಯಲ್ಲಿ. "ಕಾರು ಚೆನ್ನಾಗಿತ್ತಾ? ಇದು ಚೆನ್ನಾಗಿದೆಯಾ?"

ರಾಯರು ಉತ್ತರ ಹೇಳುವಷ್ಟರಲ್ಲಿ ದೂರದಲ್ಲಿ, ಮಳೆಯ ಪರದೆಯಾಚೆ, ಎರಡು ದೀಪಗಳು ಅವರ ಕನ್ನಡಕವಿಲ್ಲದ ಕಣ್ಣಿಗೆ ಮಂಜುಮಂಜಾಗಿ ಕಂಡವು. ದೊಡ್ಡ ಗಾಡಿ. ಅವರ ಎದೆಯಾಳದಿಂದ ತಾನಾಗಿಯೇ ಒಂದು ಉಸಿರು ಹೊರಟಿತು.

"ಅಯ್ಯೋ..."

"ಯಾಕ್ರೀ?"

"ಬಸ್ಸು ಬಂದ್ಬಿಡ್ತು ಕಣೇ."

ಮನೆಯಾಕೆ ಕಣ್ಣು ಕಿರಿದು ಮಾಡಿ ನೋಡಿ, ಬಿದ್ದು ಬಿದ್ದು ನಕ್ಕಳು. "ಬಸ್ಸಲ್ರೀ, ನನ್ನ ತಮ್ಮ ತಂದಿರೋ ಎಳೆಯೋ ಗಾಡಿ! ಡ್ರೈವರ್ ಪಕ್ಕದಲ್ಲಿ ಕೂತು ಅವನೇ ದಾರಿ ತೋರಿಸ್ತಿದ್ದಾನೆ. ಏಳಿ, ಕೈ ಬೀಸೋಣ."

"ಬೇಡ, ಕೂತ್ಕೋ" ಎಂದು ರಾಯರು ಅವಳ ಕೈ ಹಿಡಿದರು. "ಅವನ ಕನ್ನಡಕ ಮಾಡಿದೋನು ನಾನು. ನಾವು ಅವನಿಗೆ ಕಾಣಲ್ಲ."

ಗಾಡಿ ಕೆಸರು ಹಾರಿಸಿಕೊಂಡು, ಪೊದೆಯಲ್ಲಿದ್ದ ಕೆಂಪು ಕಾರನ್ನು ದಾಟಿ, ಬೆಂಚಿನ ಮೇಲಿದ್ದ ಅಕ್ಕ-ಭಾವಂದಿರನ್ನೂ ದಾಟಿ, ನೆಟ್ಟಗೆ ಮುಂದೆ ಹೋಯಿತು.