ಮೊಲಕ್ಕಿಲ್ಲದ ಥಂಡಿ

ಮೊಲ ಸಾಕಿದವರಿಗೆ ಚಳಿಗಾಲದಲ್ಲಿ ಮೊಲದ ಚಿಂತೆ ಇರುವುದಿಲ್ಲ. ಮೊಲದ ಚಿಂತೆ ಮಾಡುವವರನ್ನು ಸಂಭಾಳಿಸುವುದೇ ದಿನದ ಕೆಲಸ. ಶಹಾಪುರದಲ್ಲಿ ನಮ್ಮ ಮನೆ ಕೆನಾಲಿನ ಪಕ್ಕ. ಅಂಗಳದ ಗೂಡಿನಲ್ಲಿ ಎರಡು ಬಿಳಿ ಮೊಲ. ದೀಪಾವಳಿ ಮುಗಿದು ನೀರಿನ ಮೇಲಿಂದ ಗಾಳಿ ಬೀಸತೊಡಗಿದಾಗ ಅವ್ವ ಹೇಳಿಬಿಟ್ಟಳು: "ಈ ಥಂಡ್ಯಾಗ ಒಂದಕ್ಕರ ಜಡ್ಡಾದ್ರ ಎರಡನ್ನೂ ಕೊಂಕಲ್‌ಕ ನಿಮ್ಮ ಅತ್ತಿ ಮನಿಗಿ ಕಳಸ್ತೀನಿ." ಕೊಂಕಲ್ ಊರಿನ, ಅಪ್ಪನ ತಂಗಿಯ ಆ ಮನೆಯಲ್ಲಿ ಮೂರು ನಾಯಿಗಳಿವೆ.

ಚಳಿಗಾಲದಲ್ಲಿ ಮೊಲಕ್ಕೆ ದಪ್ಪ ತುಪ್ಪಳ ಬರುತ್ತದೆ, ಗಾಳಿಗೆ ಮರೆ, ಕೆಳಗೆ ಒಣಹುಲ್ಲು ಇದ್ದರೆ ಸಾಕು ಎಂದು ನಾನು ಓದಿದ್ದೆ. ಓದಿದ್ದು ಇಂಗ್ಲಿಷಿನಲ್ಲಿ. ಅದನ್ನು ಮನಸ್ಸಿನೊಳಗೇ ಕನ್ನಡಕ್ಕೆ ತಿರುಗಿಸಿ, ಧೈರ್ಯ ಮಾಡಿ ಬಾಯಿ ತೆರೆಯುವಷ್ಟರಲ್ಲಿ ಎದುರಿನವರು ತಮ್ಮ ಕೆಲಸ ಮುಗಿಸಿರುತ್ತಾರೆ.

ಶಿಗಡಿ

ಮೊದಲು ಮುಗಿಸಿದವಳು ಆಯಿ, ಅಪ್ಪನ ಅವ್ವ. ಒಂದು ಮುಂಜಾನೆ ನೋಡಿದರೆ ಗೂಡಿಗೆ ತಾಗಿಸಿ ಶಿಗಡಿ ಒಲೆ ಇಟ್ಟಿದ್ದಾಳೆ, ಅದರಲ್ಲಿ ಕೆಂಡ ನಿಗಿನಿಗಿ. ಮೊಲಗಳೆರಡೂ ಆಚೆ ಮೂಲೆಗೆ ಒತ್ತಿಕೊಂಡು, ಕಾಲು ಚಾಚಿ, ಕಿವಿ ಇಳಿಬಿಟ್ಟು ಬಿದ್ದಿದ್ದವು.

"ಆಯಿ, ಅವುಕ್ಕ ಶೆಕಿ..." ಎಂದೆ.

"ನೋಡು, ಬೆಚ್ಚಗಾಗಿ ಹೆಂಗ ನಿದ್ದಿ ಹತ್ಯಾದ" ಅಂದಳು.

ಅವಳು ಸ್ನಾನಕ್ಕೆ ಹೋದಾಗ ಸದ್ದಿಲ್ಲದೆ ಶಿಗಡಿ ಒಳಗೊಯ್ದೆ. ಮೊಲಗಳು ಎದ್ದು ಸೊಪ್ಪು ತಿನ್ನತೊಡಗಿದವು. ಆಯಿ ಬಂದವಳೇ ಕೂಗಿದಳು: "ಶಿಗಡಿ ಯಾರು ಒಯ್ದ್ರು? ಥಂಡಿಗಿ ನಿದ್ದಿ ಹಾರಿ ಎದ್ದು ಕುಂತಾವ ಪಾಪ."

ಕುಲಾಯಿ

ಬಾಜೂ ಮನೆಯ ಕಾಕಿಗೆ ಹೊಲಿಗೆ ಮಷೀನು ಇದೆ, ಕೈ ಸುಮ್ಮನಿರುವುದಿಲ್ಲ. "ಕೂಸಿಗಿ ಥಂಡಿ ಹೊಗೂದು ಕಿವ್ಯಾಗಿಂದ. ಇವುಕ್ಕ ಎಷ್ಟೆಷ್ಟುದ್ದ ಕಿವಿ ಅದಾವ ನೋಡವ್ವ" ಎನ್ನುತ್ತ ಎರಡು ಕುಲಾಯಿ ತಂದಳು. ಒಂದೊಂದಕ್ಕೂ ಕಿವಿ ತೂರಿಸಲು ಎರಡು ಉದ್ದ ಚೀಲ, ಗದ್ದದ ಕೆಳಗೆ ಲಾಡಿ. ನಾನು ಬೇಡ ಅನ್ನುವಷ್ಟರಲ್ಲಿ ಎರಡಕ್ಕೂ ಕಟ್ಟಿಯೂ ಬಿಟ್ಟಳು.

ಸ್ವಲ್ಪ ಹೊತ್ತಿಗೇ ದೊಡ್ಡ ಮೊಲ ಸಣ್ಣದರ ಕುಲಾಯಿ ತಿನ್ನುತ್ತಿತ್ತು, ಸಣ್ಣದು ದೊಡ್ಡದರದ್ದು. ಅವುಗಳ ಬಾಯಿಂದ ಎಳೆದು ತೆಗೆದ ಚಿಂದಿಯನ್ನು ಕಾಕಿಗೆ ತೋರಿಸಿದೆ, ಇನ್ನಾದರೂ ಬಿಟ್ಟಾಳೆಂದು. ಕಾಕಿ ಚಿಂದಿಯನ್ನು ತಿರುವಿ ನೋಡಿದಳು. "ಇದು ನಿಮ್ಮ ಕಾಕಾನ ಹಳೇ ಲುಂಗಿ. ಮನಸಿಗಿ ಬಂದಿಲ್ಲ ಕಾಣ್ತದ. ತಡಿ, ಹೊಸಾ ಅರಿವ್ಯಾಗ ಹೊಲಿತೀನಿ."

ಸೂಜಿ

ಲುಂಗಿ ತಿಂದದ್ದು ಕೇಳಿ ಅವ್ವ ಹೆದರಿದಳು. ಅಪ್ಪ, ನಾನು ರೊಟ್ಟಿ ಬುಟ್ಟಿಯಲ್ಲಿ ಮೊಲಗಳನ್ನಿಟ್ಟುಕೊಂಡು ದನದ ದವಾಖಾನೆಗೆ ಹೋದೆವು. ಮುಂದೆ ಎಮ್ಮೆ ಹಿಡಿದು ನಿಂತಿದ್ದವರು ಬುಟ್ಟಿಯೊಳಗೆ ಬಗ್ಗಿ ನೋಡಿ, "ಎಷ್ಟು ಹಾಲ ಕೊಡ್ತಾವ್ರಿ?" ಎಂದರು.

"ಹಾಲಿಲ್ರಿ."

"ಮತ್ತ ಯಾಕ ತಂದೀರಿ?"

ಅಪ್ಪ ಬುಟ್ಟಿಯನ್ನು ನನ್ನ ಕೈಗೆ ದಾಟಿಸಿದ.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಏನೂ ಆಗಿಲ್ರಿ. ಇವು ಥಂಡಿ ತಡಿತಾವ. ಗಾಳಿ, ಹಸಿ ತಪ್ಪಸ್ರಿ, ಭತ್ತದ ಹುಲ್ಲು ಹಾಕ್ರಿ, ಸಾಕು" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಮನೆಗೆ ಬಂದು ಅಪ್ಪ ಎಲ್ಲ ಹೇಳಿದ. ಆಯಿ ಕೇಳಿದ್ದು ಒಂದೇ: "ಸೂಜಿ ಮಾಡಿದ್ನೇನು?"

"ಇಲ್ಲ."

"ಮತ್ತ ಅಂವ ಎಂಥಾ ಡಾಕ್ಟರ?"

ಖಾಲಿ ಗೂಡು

ಸಂಕ್ರಾಂತಿ ಹತ್ತಿರ, ಮೈ ಕೊರೆಯುವ ಒಂದು ಮುಂಜಾನೆ, ಗೂಡಿನ ಬಾಗಿಲು ತೆರೆದಿತ್ತು. ಒಳಗೆ ಹುಲ್ಲಷ್ಟೇ. ಕೆನಾಲಿನ ದಂಡೆಯವರೆಗೆ ಹುಡುಕಿ ಬಂದೆ. "ಸಿಕ್ರ ಇವತ್ತೇ ಕೊಂಕಲ್‌ಕ" ಎಂದು ಅವ್ವ ಸಿಟ್ಟಿನಲ್ಲಿ ಅತ್ತೆಗೆ ಫೋನು ಹಚ್ಚಿದಳು. ಕಾಕಿ ಓಡಿ ಬಂದು, "ಕಿವಿ ಮುಚ್ಚರಿ ಅಂತ ನಾ ಹೇಳಿದ್ದಿಲ್ಲೇನು?" ಎಂದಳು.

ಇಷ್ಟು ಗದ್ದಲದಲ್ಲೂ ಆಯಿ ಎದ್ದಿರಲಿಲ್ಲ. ಚಹಾ ಒಯ್ದೆ. ಅವಳ ಕೌದಿ ಮೂರು ಕಡೆ ಉಸಿರಾಡುತ್ತಿತ್ತು. ಸರಿಸಿದರೆ, ಒಂದೊಂದು ಮೊಣಕಾಲಿಗೆ ಒಂದೊಂದು ಮೊಲ.

"ಆಯಿ, ಅವುಕ್ಕ ಥಂಡಿ ಇಲ್ಲಂತ ಡಾಕ್ಟರು ಹೇಳ್ಯಾರಲ್ಲ."

"ಅವುಕ್ಕಿಲ್ಲ. ನನಗ ಅದ."

ಅವ್ವ ಫೋನು ಹಿಡಿದೇ ಬಾಗಿಲಿಗೆ ಬಂದಳು. "ಅತ್ತಿ, ನಿಮ್ಮ ಮಗಳು ಕೇಳಾಕತ್ತಾಳ್ರಿ, ಮೊಲ ಯಾವಾಗ ಕಳಸ್ತೀರಿ ಅಂತ."

"ಕಳಸು. ಸಂಗಾಟ ನನ್ನ ಹಾಸಿಗಿನೂ ಕಳಸು. ನಾನೂ ಅಲ್ಲೇ ಇರ್ತೀನಿ."

ಫೋನಿನೊಳಗಿಂದ ಅತ್ತೆಯ ಗಾಬರಿ ನನಗೂ ಕೇಳಿಸಿತು: "ಬ್ಯಾಡ ಬ್ಯಾಡ, ಇಲ್ಲಿ ನಾಯಿ ಅದಾವ."

ಅವ್ವ ಫೋನು ಇಟ್ಟಳು. ಮೊಲಗಳು ಉಳಿದವು, ಆದರೆ ಆ ದಪ್ಪ ತುಪ್ಪಳದ ಮೇಲೆ ಕೌದಿ ಹೊದ್ದು ತೇಕುತ್ತಿದ್ದವು. ಶಿಗಡಿಯ ದಿನ ಅರ್ಧಕ್ಕೆ ಬಿಟ್ಟ ಮಾತನ್ನು ನಾನು ಈಗ ಪೂರ್ತಿ ಮಾಡಿದೆ: "ಆಯಿ, ಅವುಕ್ಕ ಶೆಕಿ ಆಗಾಕತ್ತದ, ಬಿಡು."

ಆಯಿ ಕೌದಿಯನ್ನು ಮತ್ತೆ ಎಳೆದುಕೊಂಡಳು. "ಶೆಕಿ ಆಗ್ಯಾದಂತೇ ಹಿಡ್ಕೊಂಡೀನಿ. ಥಣ್ಣಗಿದ್ರ ಯಾರು ಹಿಡ್ಕೊಳ್ತಿದ್ರು?"