ಸುಮ್ಮನೆ ಮಂಗಳೂರಿಗೆ

ನಮ್ಮ ಕುಷ್ಟಗಿಯಲ್ಲಿ ಒಬ್ಬ ಮನುಷ್ಯ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದನೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ಮದುವೆ, ಸತ್ತವರ ಮಣ್ಣು, ಕೋರ್ಟು, ದೇವರು, ಆಸ್ಪತ್ರೆ, ಇವುಗಳಲ್ಲಿ ಯಾವುದಾದರೂ ಒಂದು. ಇದ್ಯಾವುದೂ ಇಲ್ಲದೆ, ಹೋಗಿ ನೋಡಿಕೊಂಡು ಬರೋಣ ಅಂತ ಊರು ಬಿಡುವವರನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯುತ್ತಾರೆ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಸಮಾಜ ಪಾಠ ಹೇಳಿದವಳು ನಾನು. ಆದರೂ ನಮ್ಮದೇ ಸಮಾಜದ ಈ ನಿಯಮ ತಿಳಿಯಬೇಕಾದರೆ ನಾನು ಮಂಗಳೂರಿಗೆ ಹೊರಡಬೇಕಾಯಿತು.

ಸಮುದ್ರವನ್ನು ಕಂಡೇ ಇಲ್ಲ ಅಂತಲ್ಲ. ಮದುವೆಯಾದ ಹೊಸದರಲ್ಲಿ ಮನೆಮಂದಿಯೆಲ್ಲ ಟೆಂಪೋ ಮಾಡಿಕೊಂಡು ಗೋಕರ್ಣಕ್ಕೆ ಹೋಗಿದ್ದೆವು. ಇಳಿದ ಕೂಡಲೇ ಸಂದಿಯೊಂದರಲ್ಲಿ ನೀಲಿಯಾಗಿ ಏನೋ ಹೊಳೆದಂತಾಗಿ ನಾನು ನಿಂತುಬಿಟ್ಟೆ. ಅತ್ತೆ ರಟ್ಟೆ ಹಿಡಿದು ಎಳೆದರು. "ನಡಿಯವ್ವಾ, ಸಮುದ್ರ ಎಲ್ಲಿ ಓಡಿ ಹೊಕ್ಕೈತಿ? ಅಲ್ಲಿ ಗುಡಿ ಬಾಗಲಾ ಹಾಕ್ತಾರ." ಬರುವಾಗ ನೋಡಿದರಾಯಿತು ಅಂದುಕೊಂಡೆ. ಬರುವಾಗ ಟೆಂಪೋದವನು ಬೇರೆ ದಾರಿ ಹಿಡಿದ. ಅಂದಿನಿಂದ ಪ್ರತಿ ವರ್ಷ ನಕಾಶೆಯ ಮೇಲೆ ಕೋಲಿಟ್ಟು "ಇದು ಅರಬ್ಬಿ ಸಮುದ್ರ" ಅಂತ ಹುಡುಗರಿಗೆ ತೋರಿಸುವಾಗ ನನ್ನ ಆ ರಟ್ಟೆ ಸ್ವಲ್ಪ ನೋಯುತ್ತದೆ.

ಈ ಸಲ ಹಟ ಹಿಡಿದೆ. ನಮ್ಮ ಯಜಮಾನರದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಚಿಲಕ ಇವುಗಳ ನಡುವೆ ಕೂತು ಕೂತು ಮಾತು ಕಡಿಮೆಯಾಗಿರುವ ಮನುಷ್ಯ. "ಶನಿವಾರ ರವಿವಾರ ಮಂಗಳೂರಿಗೆ ಹೋಗಿ ಬರೂಣ್ರಿ" ಅಂದೆ.

"ಏನೈತಿ ಅಲ್ಲಿ?"

"ಸಮುದ್ರ ಐತಿ."

"ಮತ್ತ?"

"ಮತ್ತೇನಿಲ್ಲ."

ಅಂಗಡಿಯಲ್ಲಿಲ್ಲದ ಅಳತೆಯ ಪೈಪನ್ನು ಗಿರಾಕಿ ಕೇಳಿದಾಗ ಯೋಚಿಸುವಂತೆ ತುಸು ಹೊತ್ತು ಯೋಚಿಸಿ, "ಆತು ತಗೋ" ಅಂದರು. ಗಂಡನನ್ನು ಒಪ್ಪಿಸಿದರೆ ಮುಗಿಯಿತು ಎಂದು ತಿಳಿದಿದ್ದೆ. ಅಡುಗೆಮನೆಯಲ್ಲಿ ಅತ್ತೆ ಕಾಯುತ್ತಿದ್ದರು. "ಯಾವ ದೇವ್ರಿಗಿ?"

ಯಾವ ದೇವರಿಗೂ ಅಲ್ಲ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ, ಪಾಪ, ನನಗೆ ದಾರಿ ತೋರಿಸಿದರು. "ಹಂಗಾದ್ರ ಉಡುಪಿಗಿ ಅಂತ ಹೇಳ್ರಿ. ಕೃಷ್ಣನ ದರ್ಶನ ಮಾಡ್ರಿ, ದಾರ್ಯಾಗ ಸಮುದ್ರ ಬಂದ್ರ ಅದನ್ನೂ ನೋಡ್ರಿ. ಬ್ಯಾಡ ಅಂದವರ್ಯಾರು?"

"ದಾರ್ಯಾಗ ನೋಡಿದ್ದು ಸಾಕ್ರೀ ಅತ್ತಿ. ಈ ಸಲ ಸಮುದ್ರಕ್ಕಂತನ ಹೋಗ್ತೀನಿ."

"ಮಂದಿ ಕೇಳಿದ್ರ ಏನ್ ಹೇಳ್ಲಿ?"

"ಸುಮ್ಮನ ಹೋಗ್ಯಾರ ಅನ್ರಿ."

ಅತ್ತೆ ಹಾಗೆಯೇ ಹೇಳಿದರು. ಪಕ್ಕದ ಮನೆಯ ನೀಲಮ್ಮ ಕೇಳಿದಾಗ "ಮಂಗ್ಳೂರಿಗಿ ಹೊಂಟಾರವ್ವಾ, ಸುಮ್ಮನ" ಅಂದು ಒಂದು ನಿಟ್ಟುಸಿರು ಬಿಟ್ಟರು. ಸೊಸೆಯ ಮೊಂಡುತನಕ್ಕೆ ಬಿಟ್ಟ ನಿಟ್ಟುಸಿರು ಅದು. ನೀಲಮ್ಮನಿಗೆ ಅದು ಬೇರೆಯಾಗಿ ಕೇಳಿಸಿತು. ಯಾಕೆಂದರೆ ಮಂಗಳೂರಿಗೆ ನಮ್ಮ ತಾವರಗೇರಾ, ಯಲಬುರ್ಗಾ ಕಡೆಯ ಹುಡುಗರು ಗಾರೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ವಯಸ್ಸಿನವರು ಹೋದರೆ ಅದು ಆಸ್ಪತ್ರೆಗೇ. ಮೊದಲು ಕೊಪ್ಪಳ, ಆಮೇಲೆ ಹುಬ್ಬಳ್ಳಿ, ಅಲ್ಲಿಯೂ ಕೈ ಚೆಲ್ಲಿದರೆ ಮಂಗಳೂರು. ಇದರ ಮೇಲೆ ನಮ್ಮ ಯಜಮಾನರು ಟಿಕೆಟ್ ಮಾಡಿಸಲು ಹೋಗಿ, "ಕೆಳಗಿನ ಸೀಟ ಕೊಡಪಾ, ಆಕಿಗೆ ಮ್ಯಾಲ ಹತ್ತಾಕ ಆಗೂದಿಲ್ಲ" ಅಂತ ಎಲ್ಲರೆದುರು ಹೇಳಿ ಬಂದಿದ್ದರು. ಸ್ಲೀಪರ್ ಬಸ್ಸಿನ ಆ ಸಣ್ಣ ಏಣಿ ಹತ್ತುವುದು ನನಗೆ ನಾಚಿಕೆ, ಅಷ್ಟೇ. ಊರಿಗೆ ಅವರ ಆ ಮಾತೇ ಸಾಕಾಯಿತು.

ಮರುದಿನ ನೀಲಮ್ಮ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದಳು. ನನ್ನ ಕೈ ತನ್ನ ಕೈಯಲ್ಲಿಟ್ಟುಕೊಂಡು, "ಅಕ್ಕೋರ, ಧೈರ್ಯ ಬಿಡಬ್ಯಾಡ್ರಿ" ಅಂದಳು.

"ನನಗೇನಾಗೇತಿ?"

"ಏನೂ ಆಗಿಲ್ಲ, ಏನೂ ಆಗಿಲ್ಲ" ಅಂತ ಕೈ ಸವರಿದಳು. ಅವಳು ಅಂದ ಧಾಟಿಗೆ ನನಗೇ ಒಮ್ಮೆ ನನ್ನ ಮೇಲೆ ಅನುಮಾನ ಬಂತು. ಸಮುದ್ರ ನೋಡಲು ಹೊರಟಿದ್ದೇವೆ, ಬೇರೆ ಏನೂ ಇಲ್ಲ ಎಂದು ಬಿಡಿಸಿ ಹೇಳಿದೆ. ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟ ದಿನದ ಆಸೆ ಇತ್ತೋ ಏನೋ. ಕಣ್ತುಂಬ ನೋಡ್ಕೊಂಡ ಬರ್ರಿ" ಅಂದಳು. ಆ ವಾರ ನಮ್ಮ ಮನೆಗೆ ಬಂದ ಬ್ರೆಡ್ಡಿನಲ್ಲಿ ಒಂದು ಸಣ್ಣ ಬೇಕರಿ ಇಡಬಹುದಿತ್ತು. ಗಟ್ಟಿಯಾಗಿ ನಕ್ಕರೆ ನೋವು ಮರೆಸಲು ನಗುತ್ತಾಳೆ ಎನ್ನುತ್ತಿದ್ದರು, ಸಿಟ್ಟು ಮಾಡಿದರೆ ಗುಳಿಗೆಯ ಕಾವು ಎನ್ನುತ್ತಿದ್ದರು.

ಶಾಲೆಯಲ್ಲಿ ಶನಿವಾರದ ರಜೆ ಕೇಳಲು ಹೋದೆ. ನಮ್ಮ ಹೆಡ್ಮಾಸ್ತರರು ರಜೆ ಎಂಬ ಶಬ್ದ ಕೇಳಿದರೆ ಕನ್ನಡಕ ತೆಗೆದು ಒರೆಸುತ್ತಾ ಕೂಡುವವರು. ಅಂದು ಕನ್ನಡಕ ಮುಟ್ಟಲೇ ಇಲ್ಲ. "ಶನಿವಾರ ಒಂದ ಸಾಕಾಗ್ತೈತೇನ್ರಿ ಮೇಡಂ? ರಿಪೋರ್ಟ್ ಬರೂದು ಸೋಮವಾರ ಆಕ್ಕೈತಿ. ಸೋಮವಾರನೂ ತಗೋರಿ" ಅಂದರು. ಯಾವ ರಿಪೋರ್ಟೂ ಇಲ್ಲ ಸರ್, ಒಂದು ದಿನ ಸಾಕು ಎಂದು ಎದ್ದು ಬಂದೆ. ತತ್ವಕ್ಕಾಗಿ ಕೈಗೆ ಬಂದ ಸೋಮವಾರವನ್ನು ಬಿಟ್ಟುಕೊಟ್ಟ ನೌಕರಸ್ಥೆ ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಹೊರಡುವ ದಿನ ಅತ್ತೆ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದರು, "ಖರೇ ಹೇಳವ್ವಾ, ನಿನಗೇನರ ಆಗೇತೇನು?" ಅವರ ಮುಖ ಸಣ್ಣದಾಗಿತ್ತು. ನನಗೆ ಕೆಡುಕೆನಿಸಿತು. ಉಡುಪಿಗೆ ಹೊರಟಿದ್ದೇವೆ ಎಂದು ಒಂದು ಮಾತು ಅಂದಿದ್ದರೆ ಅವರ ಸಂಕಟವೂ ಊರಿನ ಬ್ರೆಡ್ಡೂ ಅಲ್ಲಿಗೇ ನಿಲ್ಲುತ್ತಿದ್ದವು. ಅನ್ನಲಿಲ್ಲ. ಕೃಷ್ಣನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈ ಊರಿನ ಗಂಡಸರು ದಿನಾ ಸಂಜೆ ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಾರೆ, ಯಾವ ದೇವರಿಗೆ ಕೂತಿರಿ ಅಂತ ಯಾರೂ ಕೇಳುವುದಿಲ್ಲ. ವರ್ಷಗಟ್ಟಲೆ ರೊಟ್ಟಿ ಬಡಿದು, ಪಾಠ ಹೇಳಿ, ಎರಡು ದಿನ ಸುಮ್ಮನೆ ಕೂಡಬೇಕೆಂದರೆ ನಾನು ಭಕ್ತೆಯಾಗಬೇಕು, ಇಲ್ಲವೇ ರೋಗಿಯಾಗಬೇಕು. ಎರಡೂ ಆಗುವುದಿಲ್ಲ ಅಂದೆ. "ನಾ ಕಲ್ಲಿನಂಗ ಅದೀನ್ರೀ ಅತ್ತಿ. ಸಮುದ್ರ ನೋಡಿ ಬರ್ತೀನಿ."

ಹೋದೆವು. ನೋಡಿದೆವು. ನಿಜ ಹೇಳುತ್ತೇನೆ, ಸ್ವಲ್ಪ ಹೊತ್ತಿಗೇ ನೋಡಿ ಮುಗಿಯಿತು. ನಮ್ಮ ಯಜಮಾನರು ಹಿಂದೆ ಕೈಕಟ್ಟಿಕೊಂಡು ನಿಂತು, "ನೋಡಿದ್ವಲ್ಲ, ಮುಂದ?" ಅಂದರು. ನನಗೂ ಅದೇ ಅನಿಸುತ್ತಿತ್ತು. ಸುಮ್ಮನಿರುವುದು ನಮಗಿಬ್ಬರಿಗೂ ರೂಢಿಯಿಲ್ಲ. ಬಿಸಿಲು ನಮ್ಮ ಕಡೆಯದಕ್ಕಿಂತ ಕಡಿಮೆಯೇ, ಆದರೆ ಬೆವರು ಇಳಿಯುತ್ತಲೇ ಇತ್ತು. ಆದರೂ ಈಗಲೇ ಹೊರಟರೆ ಇಡೀ ಕುಷ್ಟಗಿ ಗೆದ್ದಂತೆ. "ಮುಂದೇನಿಲ್ರಿ, ಇಷ್ಟ. ಕೂಡ್ರಿ" ಅಂದೆ. ಕೂತರು. ಅಲ್ಲಿದ್ದ ಗೇಟಿನ ಚಿಲಕವನ್ನು ದೂರದಿಂದಲೇ ಪರೀಕ್ಷಿಸಿ, "ಉಪ್ಪಿನ ಗಾಳಿಗೆ ಹೆಂಗ್ ತುಕ್ಕ ಹಿಡದೈತಿ ನೋಡು. ಇಲ್ಲಿ ಅಂಗಡಿ ಇಟ್ರ ಛಲೋ ನಡೀತೈತಿ" ಅಂದರು. ಆಮೇಲೆ ಆ ಮಾತೂ ಮುಗಿಯಿತು. ಸಂಜೆಯ ಹೊತ್ತಿಗೆ, ನಾನು ಹೇಳದೆಯೇ, ಪ್ಯಾಂಟು ಮಡಚಿ ನೀರಿಗಿಳಿದರು. ಒಂದು ತೆರೆ ಬಂದು ಅವರನ್ನು ದೊಪ್ಪನೆ ಕೂರಿಸಿಬಿಟ್ಟಿತು. ಒದ್ದೆಯಾಗಿ ಕೂತು ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಗಬಲ್ಲರು ಎಂಬುದು ನನಗೆ ಮರೆತೇಹೋಗಿತ್ತು. ನಾನೂ ಸೀರೆ ನೆನೆಯುವುದನ್ನು ಲೆಕ್ಕಿಸದೆ ಹೋಗಿ ಪಕ್ಕದಲ್ಲಿ ಕೂತೆ. ಭಾಳ ಸಂತೋಷವಾಯಿತು. ಮರುದಿನವೂ ಅದೇ ಜಾಗಕ್ಕೆ ಹೋಗಿ ಅದನ್ನೇ ಮಾಡಿದೆವು.

ಸೋಮವಾರ ಮುಂಜಾನೆ ಮನೆಗೆ ಬಂದರೆ ಗೇಟಿನಲ್ಲಿ ನೀಲಮ್ಮ, ಬಾಗಿಲಲ್ಲಿ ಅತ್ತೆ. ಬಿಸಿಲಿಗೆ ಕಪ್ಪಿಟ್ಟ ನನ್ನ ಮುಖ ನೋಡಿ ನೀಲಮ್ಮ "ಅಯ್ಯ ಶಿವನ" ಅಂದಳು. "ಡಾಕ್ಟರ್ ಏನಂದ್ರೀ ಅಕ್ಕೋರ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದಕ್ಕೊಂದು ಖಡಕ್ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ. ಅಂದೇಬಿಡುವವಳಿದ್ದೆ. ಅಷ್ಟರಲ್ಲಿ ಮುಂದಿನ ಸಲದ ಯೋಚನೆ ಬಂತು. ಮತ್ತೆ ಅದೇ ವಾದ, ಅದೇ ನಿಟ್ಟುಸಿರು. ಹೆಡ್ಮಾಸ್ತರರು ತಾವಾಗಿ ಕೊಟ್ಟ ಸೋಮವಾರವೂ ನೆನಪಾಯಿತು. "ಚಿಂತಿ ಮಾಡೂವಂಥಾದ್ದೇನಿಲ್ಲಂತ" ಅಂದೆ. "ಆದ್ರ ಆರು ತಿಂಗಳಿಗೊಮ್ಮೆ ತಪ್ಪದ ಬರಬೇಕಂತ."

ನೀಲಮ್ಮ ಮೇಲೆ ನೋಡಿ ಕೈ ಮುಗಿದಳು. ಅತ್ತೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಹಳೆಯ ಮೊಳೆಯನ್ನು ಹೊಸದೆಂದು ಗಿರಾಕಿಗೆ ಒಮ್ಮೆಯೂ ಹೇಳದ ನಮ್ಮ ಯಜಮಾನರು ನನ್ನ ಹಿಂದೆ ಚೀಲ ಕೆಳಗಿಡುತ್ತ ಅಂದರು, "ಇಬ್ಬರೂ ಬರಬೇಕಂತ ಹೇಳ್ಯಾರ."