ನಡೆದು ಬಂದ ಟ್ರ್ಯಾಕ್ಟರ್

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಕೆಡಬೇಕಾದರೆ ಅದು ಒಂದು ಕಾಲದಲ್ಲಾದರೂ ಸರಿ ಇದ್ದಿರಬೇಕಲ್ಲ!

ಕುಶಾಲನಗರದ ಹತ್ತಿರ ನಮ್ಮದು ಹಾಸನದ ಕಡೆಯಿಂದ ಬಂದು ನೆಲೆಸಿದವರ ಊರು. ಮಾವನ ಹೆಂಡತಿ, ನಮ್ಮ ಅತ್ತೆಯ ತವರು ಮಾತ್ರ ದೂರ, ವಿರಾಜಪೇಟೆಯ ಕಡೆ. ಅವಳ ಅಪ್ಪನಿಗೊಂದು ಕೆಂಪು ಟ್ರ್ಯಾಕ್ಟರ್ ಇತ್ತು. ಅವರು ತೀರಿಕೊಂಡ ಮೇಲೆ ಅದು ಬಿಟ್ಟಂಗಾಲದ ಕಾಫಿ ತೋಟವೊಂದಕ್ಕೆ ಮಾರಿಹೋಗಿ, ಅಲ್ಲಿನ ಶೆಡ್ಡಿನಲ್ಲಿ ಮುದಿಯಾಯಿತು. ಈಚೆಗೆ ಅದನ್ನು ಕತ್ತರಿಸಿ ಗುಜರಿಗೆ ಹಾಕುತ್ತಾರಂತೆ ಎಂಬ ಸುದ್ದಿ ಬಂತು. "ಹಾಕ್ಲಿ ಬಿಡಿ, ಕಬ್ಬಿಣ ತಾನೆ" ಎಂದಳು ಅತ್ತೆ. ಆದರೆ ಅವತ್ತು ಅವಳ ಕೈಯ ರೊಟ್ಟಿ ಕಾವಲಿಯ ಮೇಲೆ ಸೀದುಹೋಯಿತು. ಮಾವ ಸೀದ ರೊಟ್ಟಿಯನ್ನೇ ತಿಂದು, ಕೈ ತೊಳೆದು, ಬಸ್ಸು ಹತ್ತಿದ.

ಗುಜರಿಯ ಬೆಲೆ ಕೊಟ್ಟಿದ್ದಕ್ಕೆ ಟ್ರ್ಯಾಕ್ಟರ್ ಕೈಗೆ ಬಂತು. ತರುವುದು ಹೇಗೆ? ಹೊತ್ತು ತರಲು ನಮ್ಮಲ್ಲಿ ಟ್ರೈಲರ್ ಇಲ್ಲ. ಲಾರಿ ಹೇಳೋಣ ಎಂದೆ.

"ಎತ್ತು ತಂದ್ರೆ ನಡೆಸ್ಕೊಂಡ್ ಬತ್ತೀವೋ, ಲಾರಿ ಮೇಲೆ ಮಲಗಿಸ್ಕೊಂಡ್ ಬತ್ತೀವೋ?" ಎಂದ ಮಾವ. "ಮಲಗಿಸಿ ತರೋದು ಏನನ್ನ ಅಂತ ನಿಂಗೊತ್ತಲ್ಲ ಪುಟ್ಟಿ."

ಮೆಕ್ಯಾನಿಕ್ ಹೇಗೋ ಜೀವ ಬರಿಸಿದ. ಬ್ಯಾಟರಿ ಇಲ್ಲ, ಇಳಿಜಾರಿನಲ್ಲಿ ನೂಕಿದರೆ ಮಾತ್ರ ಸ್ಟಾರ್ಟ್. ಬ್ರೇಕು ಮನಸ್ಸು ಬಂದಾಗ ಹಿಡಿಯುತ್ತದೆ. ಹಾಗಾಗಿ ನಾನು ಸ್ಕೂಟರಿನಲ್ಲಿ ಹಿಂದೆ ಬರುವುದು, ನಿಂತಲ್ಲೆಲ್ಲ ಓಡಿಹೋಗಿ ಚಕ್ರಕ್ಕೆ ಮರದ ತುಂಡು ಅಡ್ಡ ಕೊಡುವುದು ಎಂದು ತೀರ್ಮಾನವಾಯಿತು. ನನ್ನನ್ನು ಓದಿಸಿದ್ದು ಸಾರ್ಥಕ!

ವಿರಾಜಪೇಟೆ ದಾಟುವಷ್ಟರಲ್ಲೇ ರೇಡಿಯೇಟರ್ ಕುದಿಯಿತು. ಮಾವ ತೋಟದ ಕೂಲಿಯವರ ಲೈನು ಮನೆಯೊಂದರ ಮುಂದೆ ನಿಂತು, "ಅಕ್ಕಾ, ಒಂದ್ ಬಿಂದಿಗೆ ನೀರು ಕೊಡಿ, ಬಾಯಾರೈತೆ" ಎಂದ. ಆಕೆ ಲೋಟದಲ್ಲಿ ಮಜ್ಜಿಗೆ ತಂದಳು. ಮಾವ ಅದನ್ನು ಕುಡಿದು, "ನನಗಲ್ಲ, ಇದಕ್ಕೆ" ಎಂದು ಟ್ರ್ಯಾಕ್ಟರ್ ತೋರಿಸಿದ.

ಸಿದ್ದಾಪುರದಲ್ಲಿ ಚಹಾದಂಗಡಿಯ ಮಲಯಾಳಿ ಚೇಟ ಹೊರಗೆ ಬಂದು ಕೇಳಿದ: "ಇದು ಓಡ್ತದಾ, ಅಲ್ಲ ಇಳಿಜಾರಲ್ಲಿ ಜಾರ್ತದಾ?"

"ಎರಡೂ ಮಾಡ್ತದೆ. ಚಹಾ ಇಲ್ಲೇ ಕೊಡಿ, ಇಳಿದ್ರೆ ಕೋಪ ಮಾಡ್ಕೊಂತದೆ" ಎಂದ ಮಾವ.

ಅಲ್ಲಿಂದ ಸ್ವಲ್ಪ ಮುಂದೆ ಅರಣ್ಯ ಇಲಾಖೆಯ ವಾಚರ್ ಕೈ ಅಡ್ಡ ಹಿಡಿದ. "ಮುಂದೆ ಆನೆ ಉಂಟು. ಎಂಜಿನ್ ಆಫ್ ಮಾಡಿ."

"ಆಫ್ ಮಾಡಿದ್ರೆ ನೀವೇ ತಳ್ಳಬೇಕಾಗ್ತದೆ ಸ್ವಾಮಿ."

ವಾಚರ್ ಸುತ್ತ ನೋಡಿದ. ರಸ್ತೆ ಏರು. ಕೈ ಇಳಿಸಿದ. ಆನೆಯೋ, ನಮ್ಮ ಸದ್ದು ಕೇಳಿ ಕಿವಿ ಬೀಸಿ, ಕಾಫಿ ಗಿಡಗಳ ನಡುವೆ ಹೊರಟೇ ಹೋಯಿತು. ಪಟಾಕಿಗೂ ಜಗ್ಗದ ಪ್ರಾಣಿಯಂತೆ ಅದು.

ಸಂಜೆ ಮನೆಯ ಗೇಟಿನ ಮುಂದೆ ಊರೇ ಸೇರಿತ್ತು. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮಾವ ಎಂಜಿನ್ ನಿಲ್ಲಿಸಲಿಲ್ಲ. ನಾನು ಚಕ್ರಕ್ಕೆ ಅಡ್ಡ ಕೊಟ್ಟೆ, ಅವನು ಕೆಳಗಿಳಿದ.

"ನಿಮ್ಮಪ್ಪನ ಗಾಡಿ. ಒಳಕ್ಕೆ ನೀನೇ ತಗಂಡ್ ಬಾ" ಎಂದ.

ಎಲ್ಲರೂ ನಕ್ಕರು, ಅತ್ತೆಯೊಬ್ಬಳನ್ನು ಬಿಟ್ಟು. ಅವಳು ತಟ್ಟೆಯನ್ನು ನನ್ನ ಕೈಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತಿ ಕೂತಳು. ದಾರಿಯುದ್ದಕ್ಕೂ ಮಾವನ ಕೈಯಲ್ಲಿ ಕಿರುಚಿದ್ದ ಗೇರು ಅವಳ ಕೈಗೆ ಬೆಣ್ಣೆಯ ಹಾಗೆ ಬಿತ್ತು.

"ಅಡ್ಡ ತೆಗಿ ಪುಟ್ಟಿ" ಎಂದಳು.

ಮದುವೆಗೆ ಮುಂಚೆ ಅಪ್ಪನ ಗದ್ದೆಯನ್ನೆಲ್ಲ ಅವಳೇ ಉಳುತ್ತಿದ್ದಳಂತೆ. ಈ ಮನೆಯಲ್ಲಿ ಅದು ಗೊತ್ತಿದ್ದವನು ಮಾವನೊಬ್ಬನೇ. ಟ್ರ್ಯಾಕ್ಟರ್ ಅಂಗಳಕ್ಕೆ ತಿರುಗಿತು. ಮಾವ ಅದರ ಹಿಂದೆ ಟವಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಡೆದು ಬಂದ. ನಾನು ಆರತಿಯನ್ನು ಗಾಡಿಗೆ ಎತ್ತಲಿಲ್ಲ, ಅತ್ತೆಗೆ ಎತ್ತಿದೆ.